ಪದ್ಮಿನಿಗೆ ಸಿಡಿಐ ಬಾಕ್ಸ್ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಬಳ್ಳಾರಿ ಪದ್ಮಿನಿ:
ಗಾಡಿ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಪಾಯಿಂಟ್ (ಕರೆಂಟ್ ಕೂಡಿಸಿ ಕಡಿಯೋ ಸ್ವಿಚ್ಚು) ಇರೋ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚೋದು). ತೋರಣಗಲ್ಲು ಕಡೆ ಮೂರನೇ ಗೇರಲ್ಲಿ ಎಳೆದ್ರೆ ಮಿಸ್ಸಿಂಗ್ (ಎಂಜಿನ್ ನಡುನಡುವೆ ಮುಗ್ಗರಿಸೋದು) ಐತೆ, ಮಧ್ಯಾಹ್ನದ ಬಿಸಿಲಿಗೆ ಇನ್ನೂ ಜಾಸ್ತಿ. ಸಿಡಿಐ ಬಾಕ್ಸ್ (ಕಿಡಿಗೆ ಬಲ ಕೊಡೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೂರಿಸಿದ್ರೆ ಪವರ್ರು ಮೈಲೇಜು ಎರಡೂ ಏರುತ್ತೆ ಅಂತಾರೆ. ದುಡ್ಡು ಹಾಕಬಹುದಾ?

ರಾಯಚೂರು ಆಟೋ ಎಲೆಕ್ಟ್ರಿಕಲ್:
ಪವರ್ ಏರಂಗಿಲ್ಲರಿ. ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ಹತ್ತಿಕೊಳ್ಳೋಷ್ಟು ಕಿಡಿ ಬಿದ್ದ ಮ್ಯಾಲ ಅದನ್ನ ಎಷ್ಟು ದಪ್ಪ ಮಾಡಿದ್ರೂ ಉರಿಯೋ ಪೆಟ್ರೋಲ್ ಅಷ್ಟೇ. ನಾಲ್ಕು ಸಿಲಿಂಡರ್ ಎಂಜಿನ್ನಿಗೆ 5000 ಆರ್‌ಪಿಎಂನಾಗ ಎರಡು ಕಿಡಿ ನಡುವ 6 ಮಿಲಿಸೆಕೆಂಡ್ ಸಿಗ್ತದ. ಅದರಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಪಾಯಿಂಟ್ ಮುಚ್ಚಿರ್ತದ, ಕಿಡಿಗೆ ಹೈ ವೋಲ್ಟೇಜ್ ಮಾಡೋ ಕಾಯಿಲ್ ತುಂಬಲಿಕ್ಕೆ ಸಾಕು. ವಿ-8 ಆದ್ರ ಮೂರೇ ಮಿಲಿಸೆಕೆಂಡ್, ಬಾಕ್ಸಿನ ನಿಜವಾದ ಉಪಯೋಗ ಅಲ್ಲಿ.

ನಿಮ್ಮದು ಲೋಡಿನಾಗ ಬರೋ ಮಿಸ್ಸಿಂಗ್. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒತ್ತಡ ಏರ್ತದ, ಪ್ಲಗ್ಗಿಗೆ ಜಾಸ್ತಿ ವೋಲ್ಟೇಜ್ ಬೇಕಾಗ್ತದ. ಎಲ್ಲಿ ಲೀಕ್ ಅದನೋ ಅಲ್ಲೇ ಕಿಡಿ ಹಾರಿಬಿಡ್ತದ. ಮೊದಲು ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡೀರಿ. ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡ್ರ ಕ್ಯಾಪ್ ಬದಲಿಸ್ರಿ, ಕೆರೆದು ಒರೆಸಿದ್ರ ನಿಲ್ಲಂಗಿಲ್ಲ. ಅದಿರು ಲಾರಿ ಓಡೋ ದಾರಿಯಾಗ ಒಳಗ ಕೆಂಪು ಧೂಳು ಕೂತಿರ್ತದ, ಒಣ ಬಟ್ಟೆಯಿಂದ ತೆಗೀರಿ. ಆಮೇಲೆ ಪಾಯಿಂಟ್: ಒಂದು ಮುಖಕ್ಕ ಗುಳಿ ಬಿದ್ದು ಎದುರಿನದಕ್ಕ ಮೊನೆ ಎದ್ದಿದ್ರ ಕಂಡೆನ್ಸರ್ (ಪಾಯಿಂಟ್ ಸುಡದಂಗ ಕಾಯೋ ಸಣ್ಣ ಡಬ್ಬಿ) ಮ್ಯಾಲ ಅನುಮಾನ ಪಡ್ರಿ. ಎರಡನ್ನೂ ಒಟ್ಟಿಗೇ ಹೊಸದು ಹಾಕ್ರಿ. ಪಾಯಿಂಟಿನ ಗ್ಯಾಪ್ ಫೀಲರ್ ಗೇಜಿನಿಂದ (ತೆಳು ಅಳತೆಪಟ್ಟಿ) 0.4ರಿಂದ 0.5 ಮಿಮೀ. ಗ್ಯಾಪ್ ಮುಟ್ಟಿದ ಮ್ಯಾಲ ಟೈಮಿಂಗ್ (ಕಿಡಿ ಬೀಳೋ ಹೊತ್ತು) ನೋಡಲೇಬೇಕು. ಪಾಯಿಂಟ್ ತೆರೆಯೋ ಕ್ಯಾಮಿಗೆ ಉಜ್ಜೋ ಫೈಬರ್ ಸವೆದಂಗ ಗ್ಯಾಪ್ ಸಣ್ಣದಾಗಿ ಟೈಮಿಂಗ್ ಹಿಂದೆ ಬೀಳ್ತದ. ಪಿಕಪ್ ಸತ್ತದ್ದಕ್ಕ ಬಹಳ ಸಲ ಇದೇ ಕಾರಣ.

ಬಿಸಿಲಿಗೆ ಮಿಸ್ಸಿಂಗ್ ಹೆಚ್ಚಾಗೋದರಿಂದ ಕಾಯಿಲ್ ಬಿಸಿ ಇದ್ದಾಗಲೇ ಅಳೀರಿ. ಬ್ಯಾಲಸ್ಟ್ (ಕಾಯಿಲಿಗೆ ಸೇರಿಸೋ ರೆಸಿಸ್ಟರ್) ಇಲ್ಲದ ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆ ಸುತ್ತು) ಸುಮಾರು 3 ಓಮ್ ಇರ್ತದ.

ಕೊಪ್ಪಳ ಕಾರ್ಬ್ಯುರೇಟರ್:
ಪವರ್ ಮಾತು ಒಪ್ಪೀನಿ, ಆದ್ರ ಬಾಕ್ಸ್ ದಂಡ ಅನ್ನಬ್ಯಾಡ್ರಿ. ಪಾಯಿಂಟಿನೊಳಗ ಸಣ್ಣ ಕರೆಂಟ್ ಮಾತ್ರ ಹರಿಯೋದರಿಂದ ಅದು ಸುಡಂಗಿಲ್ಲ. ಫೈಬರ್ ಸವೆಯೋದು ಮಾತ್ರ ತಪ್ಪಂಗಿಲ್ಲ. ಮಸಿ ಹಿಡಿದ ಪ್ಲಗ್ಗಿನಾಗೂ ಸಿಡಿಐ ಕಿಡಿ ಹಾರಸ್ತೈತಿ.

ಈಗ ಪಂಪಿನಾಗ ಸಿಗೋದು ಇ20, ಅಂದ್ರ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಕಾರ್ಬ್ಯುರೇಟರಿನ ಹಳೇ ಜೆಟ್ಟಿಗೆ (ಪೆಟ್ರೋಲ್ ಬಿಡೋ ತೂತು) ಮಿಕ್ಸ್ಚರ್ ತೆಳ್ಳಗಾಗ್ತೈತಿ. ಲೋಡಿನಾಗ ಓಡಿಸಿ, ಇಗ್ನಿಷನ್ ಆಫ್ ಮಾಡಿ, ಪ್ಲಗ್ ತೆಗೆದು ಬಣ್ಣ ನೋಡ್ರಿ. ಸುಣ್ಣದಂಗ ಬಿಳಿ ಇದ್ರ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ರಿ, ಪೆಟ್ರೋಲ್ ಪೈಪ್ ಮೆತ್ತಗಾಗಿದ್ರ ಅದನ್ನೂ ಬದಲಿಸ್ರಿ. ತೆಳು ಮಿಕ್ಸ್ಚರಿಗೆ ಹೆಚ್ಚು ಹೊತ್ತು ಉರಿಯೋ ಕಿಡಿ ಬೇಕು. ಸಿಡಿಐ ಕಿಡಿ ಬಲವಾದ್ದು, ಆದ್ರ ಭಾಳ ಗಿಡ್ಡ. ಹಾಕಿಸೋದೇ ಆದ್ರ ಹೆಚ್ಚು ಹೊತ್ತು ಕಿಡಿ ಕೊಡೋ ಟ್ರಾನ್ಸಿಸ್ಟರ್ ಬಾಕ್ಸ್ ವಾಸಿ.

ಬಳ್ಳಾರಿ ಪದ್ಮಿನಿ:
ಬಾಕ್ಸ್ ಹಾಕಿದ ಮೇಲೆ ಪ್ಲಗ್ ಗ್ಯಾಪ್ ಹೆಚ್ಚಿಸಬೇಕಾ? ಎಲ್ಲಿ ಕೂರಿಸೋದು?

ರಾಯಚೂರು ಆಟೋ ಎಲೆಕ್ಟ್ರಿಕಲ್:
ಈಗ 0.6 ಇದ್ರ 0.7 ಮಿಮೀಗೆ ನಿಲ್ಲಸ್ರಿ. ಅದಕ್ಕಿಂತ ಅಗಲ ಮಾಡಿದ್ರ ಹಳೇ ಕ್ಯಾಪ್, ಅದರೊಳಗ ತಿರುಗೋ ರೋಟರ್, ಪ್ಲಗ್ಗಿಗೆ ಹೋಗೋ ಎಚ್‌ಟಿ ವೈರ್ ತಡೆಯಂಗಿಲ್ಲ. ಎಕ್ಸಾಸ್ಟಿನಿಂದ ದೂರ, ಗಾಳಿ ಆಡೋ ಕಡೆ ಕೂರಿಸ್ರಿ. ನಮ್ಮ ಬಿಸಿಲಿಗೆ ಬಾನೆಟ್ ಒಳಗಿನ ಕಾವೇ ಬಾಕ್ಸ್ ಸುಡ್ತದ. ದಪ್ಪ ವೈರ್ ನೇರ ಬ್ಯಾಟರಿಗೆ, ಸಣ್ಣದು ಕೀ ಸ್ವಿಚ್ಚಿಗೆ. ಸಿಡಿಐ ಆದ್ರ ಕಾಯಿಲಿನ ಎರಡೂ ಟರ್ಮಿನಲ್ಲಿಗೆ ಬಾಕ್ಸಿನ ವೈರ್ ಬಿಟ್ಟು ಬೇರೇನೂ ಇರಬಾರದು. ಅಲ್ಲಿ ಸುಮಾರು 400 ವೋಲ್ಟ್ ಬರ್ತದ, ಎಂಜಿನ್ ಓಡ್ತಿರುವಾಗ ಕೈಯಾಗಲೀ ಟೆಸ್ಟ್ ಲ್ಯಾಂಪ್ ಆಗಲೀ ಹಚ್ಚಬ್ಯಾಡ್ರಿ. ಹಳೇ ಪಾಯಿಂಟ್, ಕಂಡೆನ್ಸರ್ ಡಿಕ್ಕಿಯಾಗ ಇಟ್ಕೊಂಡಿರ್ರಿ. ಬಾಕ್ಸ್ ದಾರಿಯಾಗ ಸತ್ರ ರಿಪೇರಿ ಇಲ್ಲ, ವೈರ್ ಮೊದಲಿನಂಗ ಜೋಡಿಸಿ ಊರು ಸೇರಬೇಕಾಗ್ತದ.