ಪದಚರ್ಚೆ: ‘ನೆಗೆಟಿವ್ ಸಪ್ಲೈ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಸರ್ಕಿಟ್ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಒಂದೇ +5 ವೋಲ್ಟ್ ಸಪ್ಲೈಯಿಂದ −5 ವೋಲ್ಟ್ ಪಡೆಯುವ ಅಧ್ಯಾಯದ ಕರಡಿನಲ್ಲಿ ‘ನೆಗೆಟಿವ್ ಸಪ್ಲೈ’ ಎನ್ನುವುದಕ್ಕೆ ಒಂದು ಕಡೆ ‘ಮೈನಸ್’, ಇನ್ನೊಂದು ಕಡೆ ‘ಋಣ ವಿಭವ’, ಮತ್ತೊಂದು ಕಡೆ ‘ಋಣಾತ್ಮಕ ವಿದ್ಯುತ್ ಸರಬರಾಜು’ ಎಂದಿದೆ. ಯಾವುದನ್ನು ಉಳಿಸಿಕೊಳ್ಳಬೇಕು? ‘ವೋಲ್ಟೇಜ್ ಇನ್ವರ್ಟರ್’, ‘ವರ್ಚುಯಲ್ ಗ್ರೌಂಡ್’ಗಳಿಗೂ ಪದ ತಿಳಿಸಿ.

ಉತ್ತರ 1: ಮೊದಲು ‘ಮೈನಸ್’ ತೆಗೆಯಿರಿ. ಅಂಗಡಿಯಲ್ಲಿ, ವರ್ಕ್‌ಶಾಪಿನಲ್ಲಿ ‘ಮೈನಸ್ ತಂತಿ’ ಎಂದರೆ ಬ್ಯಾಟರಿಯ ಕಪ್ಪು ತಂತಿ, ಅಂದರೆ ಗ್ರೌಂಡ್, ಸೊನ್ನೆ ವೋಲ್ಟ್. ನಿಮ್ಮ ಅಧ್ಯಾಯಕ್ಕೆ ಬೇಕಾದದ್ದು ಗ್ರೌಂಡ್‌ಗಿಂತಲೂ ಕೆಳಗಿನ ವೋಲ್ಟೇಜ್. ಟಿಎಲ್072 ಒಂದು ಆಪ್‌ಆಂಪ್, ಅಂದರೆ ಸಿಗ್ನಲ್ ವರ್ಧಿಸುವ ಐಸಿ. ‘ಟಿಎಲ್072ರ 4ನೇ ಪಿನ್ನನ್ನು ಮೈನಸ್‌ಗೆ ಜೋಡಿಸಿ’ ಎಂದು ಓದಿದ ಹುಡುಗ ಅದನ್ನು ಗ್ರೌಂಡ್‌ಗೇ ಜೋಡಿಸುತ್ತಾನೆ. ಆಗ ಸೊನ್ನೆಯ ಮೇಲೆ ಕೆಳಗೆ ಆಡುವ ಆಡಿಯೋ ಸಿಗ್ನಲ್‌ನ ಕೆಳ ಅರ್ಧ ಕೆಡುತ್ತದೆ. ಈ ಐಸಿಯಲ್ಲಂತೂ ಇನ್‌ಪುಟ್ ಕೆಳಗಿನ ರೈಲಿನ (ಸಪ್ಲೈ ತಂತಿಯ ವೋಲ್ಟೇಜಿನ) ಹತ್ತಿರ ಬಂದರೆ ಔಟ್‌ಪುಟ್ ತಿರುಗುಮುರುಗಾಗಿ ಮೇಲಿನ ರೈಲಿಗೆ ಜಿಗಿಯುವುದೂ ಉಂಟು. ಹುಡುಗ ಐಸಿ ಕೆಟ್ಟಿದೆ ಎಂದುಕೊಂಡು ಹೊಸದನ್ನು ಹಾಕುತ್ತಾನೆ, ಅದೂ ಹಾಗೇ ಮಾಡುತ್ತದೆ.

ನನ್ನ ಆಯ್ಕೆ ‘ಋಣ ವೋಲ್ಟೇಜ್’. ‘ವಿಭವ’ ಶಾಲಾ ಪುಸ್ತಕದಲ್ಲಿದೆ, ಆದರೆ ಮಲ್ಟಿಮೀಟರ್ ಹಿಡಿದವರು ಯಾರೂ ಹಾಗನ್ನುವುದಿಲ್ಲ. ‘ಸರಬರಾಜು’ ಎಂದರೆ ಎಸ್ಕಾಂ ಕರೆಂಟು ನೆನಪಾಗುತ್ತದೆ. ಪದ ಯಾವುದೇ ಇರಲಿ, ಪಕ್ಕದಲ್ಲಿ ಅಂಕಿ ಬರೆಯಿರಿ: ‘4ನೇ ಪಿನ್ −5 ವೋಲ್ಟ್ ರೈಲಿಗೆ’. ಬ್ಯಾಟರಿಯ ಕಪ್ಪು ತಂತಿಯ ತುದಿಗೆ ‘ಗ್ರೌಂಡ್’ ಎಂದೇ ಬಳಸಿ. ‘ಭೂಸಂಪರ್ಕ’ ಬೇಡ, ಅದು ಮನೆಯ ಅರ್ಥಿಂಗ್. ಬೋರ್ಡಿನ ಗ್ರೌಂಡ್‌ಗೂ ನೆಲಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

‘ಇನ್ವರ್ಟರ್’ ಕನ್ನಡದಲ್ಲಿ ಆಗಲೇ ಕರೆಂಟು ಹೋದಾಗ ಫ್ಯಾನು ತಿರುಗಿಸುವ ಪೆಟ್ಟಿಗೆಯ ಹೆಸರಾಗಿದೆ. ‘ಪರಿವರ್ತಕ’ ಎಂದರೆ ಬೀದಿಯ ಟ್ರಾನ್ಸ್‌ಫಾರ್ಮರ್. ಧನ ವೋಲ್ಟೇಜಿನಿಂದ ಋಣ ವೋಲ್ಟೇಜ್ ಮಾಡುವ ಐಸಿಎಲ್7660 ಬಗೆಯ ಐಸಿಗೆ ‘ಚಾರ್ಜ್ ಪಂಪ್’ ಸಾಕು, ಅದರ ಕೆಲಸವೂ ಅದೇ. ಅರ್ಧ ಆವರ್ತದಲ್ಲಿ 2 ಮತ್ತು 4ನೇ ಪಿನ್‌ಗಳ ನಡುವಿನ 10 ಮೈಕ್ರೋಫ್ಯಾರಡ್ ಕೆಪಾಸಿಟರ್ 5 ವೋಲ್ಟ್‌ಗೆ ತುಂಬುತ್ತದೆ. ಉಳಿದರ್ಧದಲ್ಲಿ ಅದರ ಧನ ತುದಿಯನ್ನು ಐಸಿ ಗ್ರೌಂಡ್‌ಗೆ ಕಟ್ಟುತ್ತದೆ, ಆಗ ಇನ್ನೊಂದು ತುದಿ ತಾನಾಗಿ ಗ್ರೌಂಡ್‌ಗಿಂತ 5 ವೋಲ್ಟ್ ಕೆಳಕ್ಕೆ ಹೋಗಿ 5ನೇ ಪಿನ್‌ನ ಕೆಪಾಸಿಟರ್‌ಗೆ ಚಾರ್ಜ್ ಸುರಿಯುತ್ತದೆ. ಈ ಎರಡನೆಯದರ ಧನ ತುದಿ ಗ್ರೌಂಡ್‌ಗೆ ಬರಬೇಕು. ಅಭ್ಯಾಸಬಲದಿಂದ ತಿರುಗಿಸಿ ಹಾಕಿದರೆ ಎಲೆಕ್ಟ್ರೋಲಿಟಿಕ್ ಕೆಡುತ್ತದೆ. 6ನೇ ಪಿನ್ನನ್ನು ಸಪ್ಲೈ 3.5 ವೋಲ್ಟ್‌ಗಿಂತ ಕಡಿಮೆ ಇದ್ದಾಗ ಮಾತ್ರ ಗ್ರೌಂಡ್‌ಗೆ ಸೇರಿಸಬೇಕು, ಅದಕ್ಕಿಂತ ಹೆಚ್ಚಿದ್ದರೆ ಹಾಗೇ ಬಿಡಬೇಕು.

‘ವರ್ಚುಯಲ್ ಗ್ರೌಂಡ್’ಗೆ ‘ಕೃತಕ ಗ್ರೌಂಡ್’ ಸರಿಹೋಗುತ್ತದೆ. ಆದರೆ ಅಲ್ಲಿ ‘ಋಣ ವೋಲ್ಟೇಜ್ ಉತ್ಪಾದನೆ’ ಎಂದು ಬರೆಯಬೇಡಿ. 9 ವೋಲ್ಟ್ ಬ್ಯಾಟರಿಯನ್ನು ನಡುವೆ ಪಾಲು ಮಾಡಿ ±4.5 ಎಂದು ಕರೆದಾಗ ಹೊಸ ವೋಲ್ಟೇಜ್ ಹುಟ್ಟುವುದಿಲ್ಲ, ಸೊನ್ನೆ ಎಲ್ಲಿದೆ ಎಂಬುದಷ್ಟೇ ಬದಲಾಗುತ್ತದೆ. ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳಿಂದಷ್ಟೇ ಪಾಲು ಮಾಡಿದರೆ 0.2 ಮಿಲಿಆಂಪ್ ಎಳೆದರೂ ಆ ಸೊನ್ನೆ 1 ವೋಲ್ಟ್ ಸರಿಯುತ್ತದೆ, ಹಾಗಾಗಿ ಅದನ್ನು ಸರಿಯದಂತೆ ಹಿಡಿಯಲು ಆಪ್‌ಆಂಪ್ ಬಫರ್ ಬೇಕು. ಬ್ಯಾಟರಿಯ ಬದಲು ಅಡಾಪ್ಟರ್ ಬಳಸಿ, ಅದೇ ಅಡಾಪ್ಟರಿನಿಂದ ನಡೆಯುವ ಬೇರೆ ಸಾಧನದ ಗ್ರೌಂಡನ್ನು ಇದಕ್ಕೆ ಸೇರಿಸಿದರೆ ಕೃತಕ ಗ್ರೌಂಡ್ ಅಡಾಪ್ಟರಿನ ಮೈನಸ್‌ಗೆ ಶಾರ್ಟ್ ಆಗುತ್ತದೆ.

ಉತ್ತರ 2: ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಕ್ರಿಯಾಪದಗಳನ್ನೂ ನೋಡಿ. 7660ರ ಔಟ್‌ಪುಟ್ ರೋಧ ಸುಮಾರು 55 ಓಮ್. 20 ಮಿಲಿಆಂಪ್ ಎಳೆದರೆ 1.1 ವೋಲ್ಟ್ ನಷ್ಟವಾಗಿ −5 ಇದ್ದದ್ದು −3.9 ಆಗುತ್ತದೆ. ಇದನ್ನು ‘ವೋಲ್ಟೇಜ್ ಇಳಿಯಿತು’ ಎಂದರೆ ಗಣಿತ ಬಲ್ಲ ಓದುಗ −6 ಎಂದುಕೊಳ್ಳಬಹುದು. ‘ಸೊನ್ನೆಯ ಕಡೆಗೆ ಸರಿಯಿತು’ ಎಂದು ಬರೆದರೆ ಗೊಂದಲವಿಲ್ಲ. ಒಂದು ಟಿಎಲ್072 ಎಳೆಯುವುದು 3 ಮಿಲಿಆಂಪ್‌ನಷ್ಟು, ಅಲ್ಲಿ ನಷ್ಟ 0.2 ವೋಲ್ಟ್ ಒಳಗೇ ಇರುತ್ತದೆ.

ಪಿನ್ ಹೆಸರುಗಳಲ್ಲೂ ಹುಷಾರಾಗಿರಬೇಕು. ಹೆಚ್ಚು ಕರೆಂಟಿನ ಋಣ ವೋಲ್ಟೇಜ್‌ಗೆ ಕಾಯಿಲ್ ಹಾಕಿ ಎಂಸಿ34063 ಎಂಬ ಐಸಿ ಬಳಸುವಾಗ, ಡೇಟಾಶೀಟಿನಲ್ಲಿ ‘ಗ್ರೌಂಡ್’ ಎಂದಿರುವ 4ನೇ ಪಿನ್ ಸರ್ಕಿಟ್ಟಿನ ಗ್ರೌಂಡ್‌ಗೆ ಹೋಗುವುದಿಲ್ಲ, ಋಣ ಔಟ್‌ಪುಟ್‌ಗೆ ಹೋಗುತ್ತದೆ. 3ನೇ ಪಿನ್‌ನ ಟೈಮಿಂಗ್ ಕೆಪಾಸಿಟರ್‌ನ ಇನ್ನೊಂದು ತುದಿಯೂ ಅಲ್ಲಿಗೇ. ಐಸಿ ಮೇಲೆ ಬೀಳುವುದು ಎರಡೂ ವೋಲ್ಟೇಜ್‌ಗಳ ಮೊತ್ತ: 12ರಿಂದ −12 ಮಾಡಿದರೆ 24 ವೋಲ್ಟ್. ಮಿತಿ 40. ಕೈಪಿಡಿಯಲ್ಲಿ ಇದನ್ನು ‘ಐಸಿಯ ಗ್ರೌಂಡ್ ಪಿನ್’ ಎಂದೂ ಇನ್ನೊಂದನ್ನು ‘ಸರ್ಕಿಟ್ಟಿನ ಗ್ರೌಂಡ್’ ಎಂದೂ ಎಲ್ಲ ಕಡೆ ಬೇರ್ಪಡಿಸಿ ಬರೆಯಿರಿ, ಚಿತ್ರದಲ್ಲೂ ಎರಡಕ್ಕೆ ಬೇರೆ ಗುರುತು ಹಾಕಿ.