ಅಜ್ಜಿ, ಇವತ್ತಿನ ಕೊಲೆ ಮುಗೀತು

ಸೆಪ್ಟೆಂಬರಿನಿಂದ ನಿಮ್ಮ ಮಗಳು ಇಲ್ಲಿನ ಶಾಲೆಗೆ ಹೋಗುತ್ತಾಳೆ, ಮನೆಯಲ್ಲಿ ಕನ್ನಡ ಬಿಟ್ಟು ಸ್ಪ್ಯಾನಿಷ್ ಮಾತಾಡಬೇಕಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಬಿಡಬೇಡಿ. ಮ್ಯಾಡ್ರಿಡ್‌ಗೆ ಬಂದು ನಮಗೆ 9 ವರ್ಷ ಆಯಿತು. ಮಗನಿಗೆ 8, ಮಗಳಿಗೆ 5. ಅವರಿಗೆ ಸ್ಪ್ಯಾನಿಷ್ ಕಲಿಸಿದ್ದು ನಾವಲ್ಲ, ಪಾರ್ಕು. ನಾವು ಕಲಿಸಿದ್ದರೆ ಏನಾಗುತ್ತಿತ್ತು ಅಂತ ಮುಂದೆ ಹೇಳುತ್ತೇನೆ.

ಮಗ ಶಾಲೆಗೆ ಸೇರಿದ ಮೊದಲ ವಾರ. ಇಲ್ಲಿ ಶಾಲೆಗೆ ಕೊಲೇಹಿಯೊ ಅನ್ನುತ್ತಾರೆ, ಮಕ್ಕಳ ಬಾಯಲ್ಲಿ ಅದು ಸುಮ್ನೆ 'ಕೋಲೆ'. ಹುಬ್ಬಳ್ಳಿಯಲ್ಲಿರುವ ನಮ್ಮವ್ವನಿಗೆ ವಿಡಿಯೋ ಕಾಲ್ ಮಾಡಿದ್ದೆವು. ಅವನು ಬ್ಯಾಗೂ ಇಳಿಸದೆ ಓಡಿ ಬಂದು, "ಅಜ್ಜಿ, ಕೋಲೆ ಮುಗೀತು! ತುಂಬಾ ಮಜಾ ಬಂತು. ನಾಳೆನೂ ಕೋಲೆ ಇದೆ" ಅಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅವ್ವ ಮೆಲ್ಲಗೆ, "ಏನವಾ, ಕೂಸಿನ ಕೈಲೆ ಏನ್ ಮಾಡಸಾಕತ್ತೀರಿ ಅಲ್ಲೆ?"

ದೊಡ್ಡವರ ಕಥೆ ಇನ್ನೂ ಚೆಂದ. ಹೋದ ವರ್ಷ ಅವ್ವ 90 ದಿನದ ವೀಸಾದ ಮೇಲೆ ಬಂದಳು. ರೊಟ್ಟಿ ತಿಂದ ಹೊಟ್ಟೆ, ಇಲ್ಲಿನ ಬ್ರೆಡ್ಡು ಒಗ್ಗಲಿಲ್ಲ. ಮೂರು ದಿನ ಹೊಟ್ಟೆ ಕಟ್ಟಿತು. ನಮ್ಮ ಯಜಮಾನರು ಔಷಧಿ ಅಂಗಡಿಗೆ ಹೋಗಿ, ನಮ್ಮ ಅತ್ತೆ 'ಕೊನ್ಸ್ತಿಪಾದಾ' ಅಂದರು. ಇಂಗ್ಲಿಷ್ ಪದಕ್ಕೆ ಒಂದು ಬಾಲ ಅಂಟಿಸಿದರೆ ಸ್ಪ್ಯಾನಿಷ್ ಆಗುತ್ತದೆ ಅನ್ನೋದು ಅವರ ಸಿದ್ಧಾಂತ. ಅಂಗಡಿಯಾಕೆ ಪಾಪ, ಬಹಳ ಕಾಳಜಿಯಿಂದ ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಕೊಟ್ಟು ಕಳಿಸಿದಳು. ಅವ್ವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಎಲ್ಲೆ ಹಾಕ್ಕೋಬೇಕವಾ?" ಅಂತ ಗಾಬರಿಯಾಗಿ ಕೇಳಿದಳು. ಮಗ ನಕ್ಕು ನಕ್ಕು ನೆಲದ ಮೇಲೆ ಉರುಳಿದ. ಸ್ಪೇನಿನಲ್ಲಿ ಹಾಗಂದರೆ ನೆಗಡಿಯಾಗಿದೆ ಅಂತ! ಹೊಟ್ಟೆ ಕಟ್ಟಿದ್ದಕ್ಕೆ 'ಎಸ್ತ್ರೆಞಿದಾ' ಅನ್ನಬೇಕು.

ಆ ಞ ಇದೆಯಲ್ಲ, ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಕೂಗಿ ಹೇಳಿ ಆಮೇಲೆ ಮರೆತೇಬಿಟ್ಟ ಅಕ್ಷರ, ಅದಕ್ಕೆ ಇಲ್ಲಿ ಕೈತುಂಬ ಕೆಲಸ. ಎನ್ ಮೇಲೆ ಸಣ್ಣ ಅಲೆ ಎಳೆದರೆ ಞ. ಆ ಅಲೆ ಬಿಟ್ಟರೆ ಮಾನ ಹೋಗುತ್ತದೆ. 'ಆಞೋಸ್' ಅಂದರೆ ವರ್ಷಗಳು, 'ಆನೋಸ್' ಅಂದರೆ ಮಲದ್ವಾರಗಳು. ಮಗನ ಹುಟ್ಟುಹಬ್ಬಕ್ಕೆ ಇವರು ಇಂಗ್ಲಿಷ್ ಕೀಬೋರ್ಡಿನಲ್ಲೇ ಟೈಪ್ ಮಾಡಿ, ಕ್ಲಾಸಿನ ಎಲ್ಲ ಅಪ್ಪ ಅಮ್ಮಂದಿರಿಗೂ ಆಮಂತ್ರಣ ಕಳಿಸಿದರು. ನಮ್ಮ ಮಗನಿಗೆ ಎಂಟು ತುಂಬುತ್ತಿದೆ ಅಂತ. ಏನು ಎಂಟು ಅಂತ ನೀವೇ ಊಹಿಸಿಕೊಳ್ಳಿ. ಎಲ್ಲರೂ ಬಂದಿದ್ದರು, ನಗು ತಡೆದುಕೊಂಡು.

ಕನ್ನಡದಿಂದ ಸ್ಪ್ಯಾನಿಷ್‌ಗೆ ತೊಂದರೆ ಅನ್ನುವವರಿಗೆ ನನ್ನದೊಂದು ಅನುಭವ ಹೇಳಬೇಕು. ನಾನು ಸಂಜೆ ಕ್ಲಾಸಿಗೆ ಹೋಗುತ್ತಿದ್ದಾಗ ಇಂಗ್ಲಿಷಿನವರೆಲ್ಲ 'ಮೆ ಗುಸ್ತಾ' ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇಷ್ಟಪಡುವವನು ನಾನು, ಆದರೆ ವಾಕ್ಯದಲ್ಲಿ ಕರ್ತೃ ಮಾವಿನಹಣ್ಣು ಯಾಕೆ ಅಂತ ಅವರ ಗೋಳು. ನನಗೆ ಗೋಳೇ ಇರಲಿಲ್ಲ. 'ನನಗೆ ಮಾವಿನಹಣ್ಣು ಇಷ್ಟ', ಅಷ್ಟೇ ಅಲ್ವಾ? 'ಮೆ ದುವೆಲೆ ಲಾ ಕಬೇಸಾ' ಅಂದರೆ ನನಗೆ ತಲೆ ನೋಯುತ್ತದೆ. ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ಆ ಪಾಠಕ್ಕೆ ಪೂರ್ತಿ ಅಂಕ ತಗೊಂಡವಳು. ಬೇರೆ ಪಾಠಗಳ ಅಂಕ ಕೇಳಬೇಡಿ.

ಮಕ್ಕಳು ಎರಡನ್ನೂ ಕಲಸುತ್ತಾರೆ, ನಿಜ. 'ಮೊಚೀಲಾದಲ್ಲಿ ಇದೆ' ಅಂತಾರೆ, ಅಂದರೆ ಬ್ಯಾಗಿನಲ್ಲಿ. ಸ್ಪ್ಯಾನಿಷ್‌ನಲ್ಲಿ ಪದಕ್ಕೆ 'ಇತಾ' ಅಂಟಿಸಿದರೆ ಸಣ್ಣದು ಅಂತ, ಹಾಗಾಗಿ ಸಣ್ಣ ದೋಸೆಗೆ ಮಗಳು ಇಟ್ಟ ಹೆಸರು 'ದೋಸಿತಾ', ಈಗ ನಾವೂ ಹಾಗೇ ಅನ್ನುತ್ತೇವೆ. ಒಂದೇ ಬೇಜಾರು, ಇಬ್ಬರಿಗೂ ಳ ಹೊರಡೋದಿಲ್ಲ, ಮಳೆ ಹೋಗಿ ಮಲೆ ಆಗಿದೆ. ಇಬ್ಬರ ಜಗಳ ಸ್ಪ್ಯಾನಿಷ್‌ನಲ್ಲಿ ನಡೆಯುತ್ತದೆ, ಆದರೆ ನನ್ನ ಹತ್ತಿರ ಬಂದು ಹೇಳುವ ದೂರು ಅಚ್ಚ ಕನ್ನಡದಲ್ಲಿ. ಅಮ್ಮನ ಹತ್ತಿರ ಕೆಲಸ ಆಗೋದು ಯಾವ ಭಾಷೆಯಲ್ಲಿ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಅವ್ವ ಬಂದ ಮೇಲಂತೂ ಮನೆಯಲ್ಲಿ ಕನ್ನಡ ಜಾಸ್ತಿಯಾಯಿತು. ಅವಳಿಗೆ ಪ್ರತಿ ಸ್ಪ್ಯಾನಿಷ್ ಪದದಲ್ಲೂ ಹುಬ್ಬಳ್ಳಿ ಕೇಳಿಸುತ್ತಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವ ಹುಡುಗಿ 'ಪಗಾರ್ ಕೊನ್ ತಾರ್ಹೇತಾ?' ಅಂದಳು, ಕಾರ್ಡಿನಲ್ಲಿ ಕೊಡುತ್ತೀರಾ ಅಂತ. ಅವ್ವ ನನ್ನ ಸೆರಗು ಜಗ್ಗಿದಳು, ಸೆರಗೆಲ್ಲಿ, ಜಾಕೆಟ್ಟು ಅನ್ನಿ. "ಅಕಿಗ್ಯಾಕ ಬೇಕು ನಿನ್ನ ಪಗಾರ? ಹೇಳಬ್ಯಾಡ." ಅವ್ವನ ಕಿವಿ ಪೂರ್ತಿ ತಪ್ಪೂ ಅಲ್ಲ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಪಗಾರ್ ಅಲ್ಲಿಂದ ಘಟ್ಟ ಹತ್ತಿ ನಮ್ಮ ಕಡೆ ಸಂಬಳ ಆಗಿದೆ. ಪೋರ್ಚುಗೀಸ್, ಸ್ಪ್ಯಾನಿಷ್ ಎರಡರಲ್ಲೂ ಪಗಾರ್ ಅಂದರೆ ದುಡ್ಡು ಕೊಡೋದು.

ಪಾರ್ಕಿನಲ್ಲಿ ಇನ್ನೊಂದು. ಹುಡುಗರು ಫುಟ್‌ಬಾಲ್ ಆಡುತ್ತಾ 'ಅಕೀ! ಅಕೀ!' ಅಂತ ಕೂಗುತ್ತಾರೆ, ಇಲ್ಲಿ ಕೊಡು ಅಂತ. ನಮ್ಮ ಕಡೆ ಅಕಿ ಅಂದರೆ ಅವಳು. ಅವ್ವ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಹುಡುಕಿದಳು. "ಯಾರಪಾ ಅಕಿ? ಮೈದಾನದಾಗ ಒಂದು ಹುಡುಗಿನೂ ಇಲ್ಲ!" ಮಗ ಆಟ ಬಿಟ್ಟು ಬಂದು ಅರ್ಥ ಹೇಳಿ ಹೋದ. ಎರಡನೇ ವಾರಕ್ಕೆ ಅವ್ವನೇ ಬೆಂಚಿನಿಂದ, "ಅಕೀ, ಅಕೀ! ಅಕಿಗೆ ಕೊಡ್ರೋ ಚೆಂಡು!" ಅಂತ ಕೂಗುತ್ತಿದ್ದಳು. ಸ್ಪೇನಿನ ಹುಡುಗರೂ ಅವಳನ್ನು 'ಅಜ್ಜಿ' ಅಂತಲೇ ಕರೆಯತೊಡಗಿದರು.

ನಿಮ್ಮ ಮಗಳ ಶಾಲೆ ಶುರುವಾಗುವ ಮೊದಲು ಒಂದು ಕೆಲಸ ಮಾತ್ರ ಮರೆಯಬೇಡಿ. ಊರಿಗೆ ಫೋನ್ ಮಾಡಿ ಕೋಲೆ ಅಂದರೆ ಏನು ಅಂತ ಹೇಳಿಡಿ. ಮೊದಲ ವಾರ ಸ್ಪೀಕರ್ ಹಾಕಬೇಡಿ ಅಂತಲೂ ಹೇಳಿ, ಪಕ್ಕದ ಮನೆಯವರು ಕೂತಿರುತ್ತಾರೆ.