ಉತ್ತರ ಸಮುದ್ರದ ಮ್ಯಾಮತ್ ಹಲ್ಲು ಬಿರುಕು ಬಿಡುತ್ತಿದೆ, ಮೇಲೆ ಬಿಳಿ ಪುಡಿ ಏಳುತ್ತಿದೆ: ಏನು ಮಾಡಲಿ?

ಕಡಲದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನಿರುವುದು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಸಮೀಪ. ಇಲ್ಲಿನ ಮಾಸ್‌ವ್ಲಾಕ್ಟೆ 2 ಕಡಲತೀರದಲ್ಲಿ ಜೋರು ಗಾಳಿ ಬೀಸಿದ ಮರುದಿನ ನನಗೆ ಮ್ಯಾಮತ್‌ನ (ಅಳಿದುಹೋದ ಹಿಮಯುಗದ ಆನೆ) ಒಂದು ದವಡೆಹಲ್ಲು ಸಿಕ್ಕಿತು. ಬಂದರನ್ನು ವಿಸ್ತರಿಸಲು 2008ರಿಂದ 2013ರ ನಡುವೆ ಸಮುದ್ರದ ತಳದ ಮರಳನ್ನು ಎತ್ತಿ ಹಾಕಿ ಮಾಡಿದ ನೆಲವಿದು. ಆ ಮರಳಿನೊಂದಿಗೆ ಹಿಮಯುಗದ ಮೂಳೆಗಳೂ ಮೇಲೆ ಬಂದಿವೆ.

ಹಲ್ಲು ಸಿಕ್ಕಾಗ ಒದ್ದೆಯಾಗಿತ್ತು, ಗಟ್ಟಿಯಾಗಿತ್ತು. ಮನೆಯಲ್ಲಿ ಒಣಗುತ್ತಾ ಬಂದಂತೆ ಪದರಗಳ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿದೆ. ಬುಡದಿಂದ ಚಕ್ಕೆಗಳು ಉದುರುತ್ತಿವೆ. ಮೇಲೆ ಬಿಳಿ ಪುಡಿ ಏಳುತ್ತದೆ, ಒರೆಸಿದರೆ ಕೆಲವು ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಉದ್ದ 21 ಸೆಂ.ಮೀ., ಎಣಿಸಲು ಸಿಗುವ ಪದರಗಳು 16. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದರೆ 10 ಸೆಂ.ಮೀ.ಗೆ 9 ಪದರ. ವರ್ನಿಯರ್‌ನಲ್ಲಿ ಎನಾಮಲ್ (ಹಲ್ಲಿನ ಗಟ್ಟಿ ಹೊರಕವಚ) ದಪ್ಪ ಸುಮಾರು 1.5 ಮಿ.ಮೀ. ಬಣ್ಣ ಕಂದುಬೂದು.

ಇದನ್ನು ಉಳಿಸುವುದು ಹೇಗೆ? ಇದು ಉಣ್ಣೆಗೂದಲಿನ ಮ್ಯಾಮತ್‌ನದ್ದೇ ಎಂದು ಹೇಳಬಹುದೇ?

ಮರಗೆಲಸ:

ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು ಬೆರೆಸಿ ಹಲ್ಲನ್ನು ಅದರಲ್ಲಿ ಅದ್ದಿ ತೆಗೆಯಿರಿ. ಅಲ್ಲಿನ ಹಳೆಯ ಸಂಗ್ರಾಹಕರೂ ಮರದ ಅಂಟನ್ನೇ ಬಳಸುತ್ತಾರೆ. ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಶಿಲಾಪಥ:

ಕಡಲದಂಡೆಯವರೇ, ದಯವಿಟ್ಟು ಈಗಲೇ ಅಂಟು ಹಚ್ಚಬೇಡಿ. ಮರಗೆಲಸದವರು ಹೇಳಿದ ಪದ್ಧತಿ ಬಳಕೆಯಲ್ಲಿರುವುದು ನಿಜ. ಆದರೆ ಒಳಗೆ ಉಪ್ಪಿರುವಾಗ ಮೇಲೆ ಅಂಟಿನ ಪೊರೆ ಕಟ್ಟಿದರೆ ಉಪ್ಪು ಆ ಪೊರೆಯ ಹಿಂದೆಯೇ ಹರಳುಗಟ್ಟಿ ಚಕ್ಕೆಯನ್ನು ಅಂಟಿನ ಸಮೇತ ಎಬ್ಬಿಸುತ್ತದೆ. ಅಲ್ಲದೆ ಮರದ ಅಂಟು ಕಾಲ ಕಳೆದಂತೆ ಹಳದಿಯಾಗುತ್ತದೆ. ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಮೊದಲು ಆ ಬಿಳಿ ಪುಡಿ ಏನೆಂದು ಗೊತ್ತಾಗಬೇಕು, ಮುಂದಿನ ಕೆಲಸವೆಲ್ಲ ಅದನ್ನೇ ಅವಲಂಬಿಸಿದೆ. ಚಿಟಿಕೆ ಪುಡಿಯನ್ನು ಗಾಜಿನ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಬಳಿಕ ಒಂದು ಹನಿ ಬಟ್ಟಿ ಇಳಿಸಿದ ನೀರು ಬಿಟ್ಟು ಲಿಟ್ಮಸ್ ಕಾಗದ ತಾಗಿಸಿ. ಪುಡಿ ಅಚ್ಚ ಬಿಳಿಯಾಗಿದ್ದು, ಹರಳುಗಳು ಕಾಣಿಸಿ, ನೀರಿನಲ್ಲಿ ಕರಗಿ, ನೀಲಿ ಲಿಟ್ಮಸ್ ಬಣ್ಣ ಬದಲಿಸದಿದ್ದರೆ ಅದು ಬಹುತೇಕ ಸಮುದ್ರದ ಉಪ್ಪು. ಪುಡಿಗೆ ಹಳದಿ ಅಥವಾ ಬೂದು ಛಾಯೆಯಿದ್ದು, ಗಂಧಕದ ಘಾಟು ಬಂದು, ನೀಲಿ ಲಿಟ್ಮಸ್ ಕೆಂಪಾದರೆ ಅದು ಪೈರೈಟ್ ಕೊಳೆತ. ಮೂಳೆಯೊಳಗೆ ಸೇರಿಕೊಂಡ ಕಬ್ಬಿಣದ ಸಲ್ಫೈಡ್ ಗಾಳಿ ಮತ್ತು ತೇವ ತಾಗಿ ಆಮ್ಲವಾಗುತ್ತಿದೆ ಎಂದರ್ಥ. ಉಪ್ಪಾದರೆ ನೀರು ಮದ್ದು, ಪೈರೈಟ್ ಆದರೆ ಅದೇ ನೀರು ವಿಷ. ಪೈರೈಟ್ ಎಂದು ಕಂಡುಬಂದರೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಇಲ್ಲಿಗೆ ಬರೆಯಿರಿ, ಬೇರೇನೂ ಮಾಡಬೇಡಿ.

ಉಪ್ಪೇ ಆಗಿದ್ದರೆ ಹೀಗೆ ಮಾಡಿ. ಮ್ಯಾಮತ್‌ನ ಹಲ್ಲು ಒಂದೇ ಗಟ್ಟಿ ಮುದ್ದೆಯಲ್ಲ. ಒತ್ತೊತ್ತಾಗಿ ನಿಲ್ಲಿಸಿಟ್ಟ ಮಂಗಳೂರು ಹಂಚುಗಳಂತೆ ಪದರಗಳು ನಿಂತಿರುತ್ತವೆ. ಪ್ರತಿ ಪದರದ ಹೊರಗೆ ಎನಾಮಲ್, ಒಳಗೆ ಡೆಂಟಿನ್, ಪದರಗಳನ್ನು ಬೆಸೆಯಲು ನಡುವೆ ಸಿಮೆಂಟಮ್. ಒಣಗುವಾಗ ಈ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಸಂದು ಬಿಡುವುದು ಅದಕ್ಕೇ. ಹೀಟರ್ ಉರಿಯುವ ಕೋಣೆಯಲ್ಲಂತೂ ಇದು ಬಲು ಬೇಗ ಆಗುತ್ತದೆ.

ಹಲ್ಲಿಗೆ ಗಾಜ್ ಬ್ಯಾಂಡೇಜ್ ಸುತ್ತಿ, ಪದರಗಳು ಬೇರ್ಪಡದಂತೆ ಕಟ್ಟಿ. ಬಕೆಟ್‌ನಲ್ಲಿ ಮೊದಲು ಸ್ವಲ್ಪವೇ ನಲ್ಲಿನೀರು ಹಾಕಿ ಇಡಿ, ನೀರು ಕೆಳಗಿನಿಂದ ಏರಲಿ. ಒಮ್ಮೆಲೇ ಮುಳುಗಿಸಿದರೆ ಒಳಗಿನ ಗಾಳಿ ನುಗ್ಗಿ ಬರುವಾಗ ಸಡಿಲವಾದ ಚಕ್ಕೆಗಳನ್ನು ತಳ್ಳುತ್ತದೆ. ಪೂರ್ತಿ ಮುಳುಗಿದ ಮೇಲೆ ಮೊದಮೊದಲು ಎರಡು ದಿನಕ್ಕೊಮ್ಮೆ, ನಂತರ ವಾರಕ್ಕೊಮ್ಮೆ ನೀರು ಬದಲಿಸಿ. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಸಾಕು. ವಾರವಿಡೀ ನೆನೆಸಿದ ನೀರಿನ ಅಂಕೆ ತಾಜಾ ನಲ್ಲಿನೀರಿನ ಅಂಕೆಯ ಹತ್ತಿರಕ್ಕೆ ಬಂದು ನಿಂತಿತೆಂದರೆ ಉಪ್ಪು ಹೊರಬಿದ್ದಿದೆ. ಕೊನೆಯ ಸಲ ಬಟ್ಟಿ ಇಳಿಸಿದ ನೀರಿನಲ್ಲಿಟ್ಟು ತೆಗೆಯಿರಿ.

ಒಣಗಿಸುವಾಗ ಅವಸರ ಬೇಡ. ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಚೀಲದೊಳಗೆ, ತಣ್ಣನೆಯ ಕೋಣೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಇದಕ್ಕೆ ತಿಂಗಳುಗಳೇ ಹಿಡಿದರೂ ಚಿಂತೆಯಿಲ್ಲ. ಪೂರ್ತಿ ಒಣಗಿದ ಮೇಲೆ ಆಸಿಟೋನ್‌ನಲ್ಲಿ ಕರಗಿಸಿದ ಶೇ. 5ರ ಪ್ಯಾರಾಲಾಯ್ಡ್ ಬಿ-72 (ಒಂದು ಬಗೆಯ ಅಕ್ರಿಲಿಕ್ ರಾಳ) ದ್ರಾವಣವನ್ನು ಕುಂಚದಿಂದ ಬಿರುಕುಗಳಿಗೆ ಕುಡಿಸಿ. ತೇವ ಉಳಿದಿದ್ದರೆ ಅದು ಬೆಳ್ಳಗೆ ಮಂಜುಗಟ್ಟುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಎಷ್ಟು ವರ್ಷಗಳ ಬಳಿಕವೂ ಆಸಿಟೋನ್ ಹಾಕಿ ಇದನ್ನು ತೆಗೆಯಬಹುದು. ವಸ್ತುಸಂಗ್ರಹಾಲಯಗಳು ಇದನ್ನು ನೆಚ್ಚಿಕೊಂಡಿರುವುದು ಆ ಕಾರಣಕ್ಕೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಉದುರಿದ ಚಕ್ಕೆಗಳಲ್ಲಿ ದೊಡ್ಡದೊಂದನ್ನು ಅಂಟು ತಾಗಿಸದೆ ಚೀಟಿ ಬರೆದು ಎತ್ತಿಡಿ. ರೇಡಿಯೋಕಾರ್ಬನ್ ಕಾಲನಿರ್ಣಯ ಸುಮಾರು 50,000 ವರ್ಷಗಳವರೆಗೆ ನಡೆಯುತ್ತದೆ, ಆದರೆ ಅಂಟಿನಲ್ಲೂ ಕಾರ್ಬನ್ ಇರುವುದರಿಂದ ಫಲಿತಾಂಶ ಕೆಡಬಹುದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲಾಸ್ಕಾದ ಗಂಡು ಮ್ಯಾಮತ್‌ನ ದಂತವನ್ನು ಉದ್ದಕ್ಕೆ ಸೀಳಿ, ಜಾಗದಿಂದ ಜಾಗಕ್ಕೆ ಪ್ರಮಾಣ ಬದಲಾಗುವ ಸ್ಟ್ರಾನ್ಷಿಯಂ ಐಸೊಟೋಪ್‌ಗಳಿಂದ ಅದರ 28 ವರ್ಷಗಳ ಬಾಳಿನ ಓಡಾಟವನ್ನೇ ಓದಿದರು. ಅದು ಬದುಕಿದ್ದು 17,000 ವರ್ಷಗಳ ಹಿಂದೆ! ಇಂಥದ್ದು ಸಾಧ್ಯವಿರುವಾಗ ಒಂದು ಚಕ್ಕೆಯನ್ನೂ ಕಡೆಗಣಿಸಬಾರದು.

ಗಜದಾರಿ:

ಗುರುತಿನ ಬಗ್ಗೆ ನಾನು ಹೇಳುತ್ತೇನೆ. ನಾನು ಪಶುವೈದ್ಯ, ನಾಗರಹೊಳೆ ಭಾಗದ ಆನೆಗಳ ದವಡೆಗಳನ್ನು ನೋಡಿದ್ದೇನೆ. ಮ್ಯಾಮತ್‌ಗೆ ಈಗ ಬದುಕಿರುವ ಅತಿ ಹತ್ತಿರದ ನೆಂಟ ನಮ್ಮ ಏಷ್ಯಾದ ಆನೆಯೇ. ಹಲ್ಲಿನ ಏರ್ಪಾಡೂ ಅದೇ: ಜೀವಮಾನದಲ್ಲಿ ಆರು ಸರದಿ, ಹಿಂದಿನಿಂದ ಹೊಸದು ತಳ್ಳುತ್ತಾ ಬರುತ್ತದೆ, ಮುಂದಿನದು ಸವೆದು ಉದುರುತ್ತದೆ.

10 ಸೆಂ.ಮೀ.ಗೆ 9 ಪದರ, 1.5 ಮಿ.ಮೀ. ಎನಾಮಲ್ ಎಂದರೆ ಉಣ್ಣೆಗೂದಲಿನ ಮ್ಯಾಮತ್‌ಗೆ ಸರಿಹೊಂದುತ್ತದೆ. ಅದೇ ಸಮುದ್ರದಲ್ಲಿ ಸಿಗುವ ಇನ್ನೂ ಹಳೆಯ ದಕ್ಷಿಣದ ಮ್ಯಾಮತ್‌ನ ಹಲ್ಲಿನಲ್ಲಿ ಪದರಗಳು ವಿರಳ, ಎನಾಮಲ್ ಬಹಳ ದಪ್ಪ. ಆದರೆ ಎಳೆಯ ಪ್ರಾಣಿಯ ಸಣ್ಣ ಹಲ್ಲಿನಲ್ಲಿ ಪದರಗಳು ಹೇಗೂ ಒತ್ತಾಗಿರುತ್ತವೆ. ಹಾಗಾಗಿ ಇದು ಎಷ್ಟನೆಯ ಹಲ್ಲು ಎಂದು ತಿಳಿಯದೆ ಬರೀ ಪದರ ಎಣಿಸಿ ತೀರ್ಮಾನಿಸಲಾಗದು. ಹಲ್ಲಿನ ಹಿಂತುದಿ ಹೇಗಿದೆ? ಅಗಿಯುವ ಮೇಲ್ಮೈ ಉದ್ದಕ್ಕೆ ಉಬ್ಬಿದೆಯೋ, ತಗ್ಗಿದೆಯೋ?

ಕಡಲದಂಡೆ:

ಶಿಲಾಪಥ ಅವರೇ, ಪುಡಿ ಅಚ್ಚ ಬಿಳಿಯಾಗಿತ್ತು, ಹನಿ ನೀರಿಗೆ ಕರಗಿತು, ಲಿಟ್ಮಸ್ ನೀಲಿಯಾಗಿಯೇ ಉಳಿಯಿತು. ಘಾಟೂ ಇಲ್ಲ. ಬ್ಯಾಂಡೇಜ್ ಸುತ್ತಿ ನೆನೆಸಿದ್ದೇನೆ. ಇಲ್ಲಿನ ನಲ್ಲಿನೀರು 260 ತೋರಿಸುತ್ತದೆ. ಮೊದಲ ಸಲ ಬದಲಿಸಿದ ನೀರು 1,400 ದಾಟಿತ್ತು, ಈಗ 310ಕ್ಕೆ ಇಳಿದಿದೆ.

ಗಜದಾರಿಯವರೇ, ಮೇಲ್ಮೈ ಉದ್ದಕ್ಕೆ ತುಸು ತಗ್ಗಾಗಿದೆ. ಹಿಂತುದಿ ಚೂಪಾಗಿಲ್ಲ. ಅಲ್ಲಿ ಅಂಗೈ ಒತ್ತಿದ ಹಾಗೆ ಚಪ್ಪಟೆಯಾದ, ನುಣುಪಾದ ಜಾಗವಿದೆ.

ಗಜದಾರಿ:

ತಗ್ಗಾಗಿದ್ದರೆ ಕೆಳದವಡೆಯದು. ಆ ನುಣುಪು ಜಾಗ ಹಿಂದಿನ ಹಲ್ಲು ಬಂದು ಒತ್ತಿದ ಗುರುತು. ಆರನೆಯ ಸರದಿಯ ಹಲ್ಲಿನ ಹಿಂದೆ ಒತ್ತಲು ಇನ್ನೊಂದು ಇರುವುದಿಲ್ಲ, ಅದು ಹಿಂದಕ್ಕೆ ಕಿರಿದಾಗುತ್ತಾ ಮುಗಿಯುತ್ತದೆ. ಆದ್ದರಿಂದ ನಿಮ್ಮದು ಕೊನೆಯ ಹಲ್ಲಲ್ಲ. ಉದ್ದ, ಪದರಗಳ ಸಂಖ್ಯೆ ಎರಡನ್ನೂ ನೋಡಿದರೆ ಐದನೆಯದು ಎನ್ನುವುದು ನನ್ನ ಅಂದಾಜು. ಮುಪ್ಪಿನ ಪ್ರಾಣಿಯದಲ್ಲ, ಆದರೆ ಮರಿಯದೂ ಅಲ್ಲ. ಪ್ರಭೇದ ಉಣ್ಣೆಗೂದಲಿನ ಮ್ಯಾಮತ್ ಎಂದೇ ಬರೆದಿಟ್ಟುಕೊಳ್ಳಿ.

ಶಿಲಾಪಥ:

310 ಇನ್ನೂ ಹೆಚ್ಚೇ, ಕೆಲವು ವಾರ ಮುಂದುವರಿಸಿ. ಈ ನಡುವೆ ಆರೂ ಕಡೆಯಿಂದ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಸಿಕ್ಕ ಜಾಗದ ಜಿಪಿಎಸ್ ಅಂಕೆ ಮತ್ತು ದಿನಾಂಕ ಸೇರಿಸಿ ರಾಟರ್‌ಡ್ಯಾಮ್‌ನ ಪ್ರಕೃತಿ ಇತಿಹಾಸ ಸಂಗ್ರಹಾಲಯಕ್ಕೋ ಲೈಡನ್‌ನ ನ್ಯಾಚುರಲಿಸ್ ಸಂಗ್ರಹಾಲಯಕ್ಕೋ ಕಳುಹಿಸಿ. ಬಿ-72 ಹಚ್ಚುವುದು ಅವರ ಉತ್ತರ ಬಂದ ಮೇಲೆಯೇ ಆಗಲಿ.